ಚೆನ್ನಾಜಿಯ ಎಂಟನೇ ಕ್ಲಾಸು

೨ ಜೂನ್ ೧೯೬೮, ಭಾನುವಾರ

ಮದುವೆಯಾಗಿ ಇವತ್ತಿಗೆ ಹದಿನಾಲ್ಕು ದಿನ. ಹಾರನಹಳ್ಳಿಯ ಈ ಮನೆಯಲ್ಲಿ ನನಗೆ ಎಲ್ಲವೂ ಇಷ್ಟ. ಕೆಂಪು ಹಂಚು ಇಷ್ಟ, ಹಿತ್ತಿಲ ನುಗ್ಗೆಮರ ಇಷ್ಟ, ಕರು ನನ್ನ ಹೊಸ ಸೀರೆಯ ಸೆರಗು ಅಗಿದದ್ದೂ ಇಷ್ಟ. ಎಲ್ಲಕ್ಕಿಂತ ಇಷ್ಟ ಶನಿವಾರ. ಹುಣಸೂರಿನಲ್ಲಿ ಗ್ರಾಮಸೇವಕರಾಗಿರುವ ಇವರು ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ಅಲ್ಲಿ ಬಾಡಿಗೆ ಮನೆ ಸಿಗುವವರೆಗೆ ನಾನು ಇಲ್ಲಿ, ಅತ್ತೆ ಮಾವನ ಜೊತೆ. ಈ ಡೈರಿಯನ್ನು ಇಂಗ್ಲಿಷಿನಲ್ಲಿ ಬರೆದರೆ ಇವರು ಕದ್ದು ಓದಿ ರೇಗಿಸುತ್ತಾರೆ. ಕನ್ನಡದಲ್ಲಾದರೆ ನನ್ನ ಕೋಳಿಕಾಲಿನ ಅಕ್ಷರ ದೇವರಿಗೂ ಅರ್ಥವಾಗದು. ಆದ್ದರಿಂದ ಕನ್ನಡ.

ನಾಳೆ ದೊಡ್ಡ ದಿನ. ನನ್ನ ನಾದಿನಿ ಚೆನ್ನಾಜಿ ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿಗೆ ಸೇರುತ್ತಾಳೆ. ಹದಿಮೂರು ವರ್ಷ, ಎರಡು ಜಡೆ, ಮಾತಾಡಿದರೆ ತನ್ನ ಕಾಲ್ಬೆರಳಿನ ಜೊತೆ ಮಾತಾಡುತ್ತಾಳೆ. ನಮ್ಮ ಬೀದಿಯಿಂದ ಹೈಸ್ಕೂಲಿಗೆ ಹೊರಟ ಮೊದಲ ಹೆಣ್ಣುಮಗು. ಮಧ್ಯಾಹ್ನವೆಲ್ಲ ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದೆ. ಮೊದಲ ಬೆಂಚಿನಲ್ಲೇ ಕೂತುಕೋ. ಹೆಸರು ಕೇಳಿದರೆ ಗಟ್ಟಿಯಾಗಿ ಹೇಳು. ಅರ್ಥವಾಗದಿದ್ದರೆ ಎದ್ದು ನಿಂತು ಕೇಳು, ಕೇಳಿದವರು ಯಾರೂ ಸತ್ತಿಲ್ಲ. ಮೇಷ್ಟ್ರ ಕಣ್ಣನ್ನು ನೋಡಿ ಮಾತಾಡು. ಆಟದ ಪೀರಿಯಡ್ಡಿನಲ್ಲಿ ಓಡು, ಮರದ ಕೆಳಗೆ ಕೂರಬೇಡ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ, ಹೇಳುತ್ತ ಹೇಳುತ್ತ ನನಗೇ ಮತ್ತೊಮ್ಮೆ ಎಂಟನೇ ಕ್ಲಾಸಿಗೆ ಹೋಗಬೇಕೆನ್ನಿಸಿತು.

ರಾಗಿ ಜರಡಿ ಹಿಡಿಯುತ್ತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡು, "ದೊಡ್ಡೋಳಾಗೋಗಂಟ ಓಗ್ಲಿ ಬುಡು ಮಗ. ಆಮ್ಯಾಕೆ ಅವಳ ಸೋದರಮಾವ ಅವ್ನೆ, ಗುಡ್ಲು ಆಕ್ತಾನೆ, ತಾಳಿ ಕಟ್ತಾನೆ" ಎಂದರು. ನಾನು ನಕ್ಕೆ. ಚೆನ್ನಾಜಿ ನಗಲಿಲ್ಲ, ನಾಚಿಕೆಯಿರಬೇಕು.

೩ ಜೂನ್, ಸೋಮವಾರ

ಇವರು ಹೋದರು. ಇನ್ನು ಐದು ದಿನ.

ಸಂಜೆ ಬಸ್ಸಿಳಿದ ಚೆನ್ನಾಜಿಯ ಮುಖ ಬಾಡಿತ್ತು. "ಮೊದಲ್ನೇ ಬೆಂಚಲ್ಲಿ ಕೂತ್ಕಂಡೆ ಅತ್ಗೆ. ಅದು ಗಂಡುಡುಗ್ರುದಂತೆ. ಎಬ್ಬಿಸಿ ಗೋಡೆ ತಾವ ಕೂರ್ಸುದ್ರು." ಇಡೀ ಕ್ಲಾಸಿನಲ್ಲಿ ಹುಡುಗಿಯರು ಇಬ್ಬರೇ ಅಂತೆ, ಇವಳು ಮತ್ತು ಪೋಸ್ಟ್‌ಮಾಸ್ಟರ ಮಗಳು. ಹೆಸರು ಗಟ್ಟಿಯಾಗಿ ಹೇಳಿದ್ದಕ್ಕೆ ಹುಡುಗರು ಮನೆಗೆ ಬರುವವರೆಗೂ ಅದೇ ದನಿಯಲ್ಲಿ ಕೂಗಿದರಂತೆ. ನಾಳೆಯೂ ಗಟ್ಟಿಯಾಗಿಯೇ ಹೇಳು ಎಂದೆ. ತಲೆಯಾಡಿಸಿದಳು.

೧೬ ಜೂನ್, ಭಾನುವಾರ

ಇವರು ಮಲ್ಲಿಗೆ ತಂದಿದ್ದರು, ಹುಣಸೂರಿನಿಂದ ತೊಡೆಯ ಮೇಲಿಟ್ಟುಕೊಂಡು. ನಾನು ಹೊರಗಾಗಿದ್ದೆ, ಮೂರನೆಯ ದಿನ. ಈ ಮನೆಯಲ್ಲಿ ಹೊರಗಾದವರು ಹಿಂದಿನ ಜಗುಲಿಯ ಗೋಡೆ ಮರೆಯಲ್ಲಿ ಮೂರು ದಿನ ಕೂರಬೇಕು. ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ದೊಡ್ಡವರು ಯಾರೂ ಆ ಕಡೆ ಸುಳಿಯುವುದಿಲ್ಲ. ಚಿಕ್ಕವಳೆಂದು ಚೆನ್ನಾಜಿ ಮಾತ್ರ ಊಟ ತಂದಿಟ್ಟು ಹೋಗುತ್ತಾಳೆ, ನೀರು ಚಿಮುಕಿಸಿಕೊಂಡರೆ ಅವಳಿಗೆ ಮೈಲಿಗೆಯಿಲ್ಲ. ಮಲ್ಲಿಗೆ ದೇವರಿಗೆ ಹೋಯಿತು. ನನಗೆ ಅಳು ಬಂತು, ಆಮೇಲೆ ಇವರು ನುಗ್ಗೆಮರದ ಹತ್ತಿರ ನಿಂತು ಕಣ್ಣಲ್ಲೇ ಸಮಾಧಾನ ಹೇಳಿದರು, ನಗು ಬಂತು.

ಅತ್ತೆಯ ಕಿರಿಯ ತಮ್ಮ ಚಲುವಯ್ಯ ಬಂದಿದ್ದ. ಇಪ್ಪತ್ತೆಂಟು ವರ್ಷ, ಒಳ್ಳೆಯ ಎತ್ತುಗಳಿವೆಯಂತೆ, ಸಿಟ್ಟಿನವನಲ್ಲ. ಚೆನ್ನಾಜಿಯನ್ನು ನೋಡಿ, "ಏನಮ್ಮಿ, ಅತ್ತಿಸೊಪ್ಪು ಕಡಿಯೋಕೆ ಮಚ್ಚು ಮಸೀಲಾ?" ಎಂದ. ಹುಡುಗಿ ಮೈನೆರೆದಾಗ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿ ಅವಳನ್ನು ಅದರೊಳಗೆ ಕೂರಿಸುವುದು ಇಲ್ಲಿನ ಪದ್ಧತಿ. ಎಲ್ಲರೂ ನಕ್ಕರು. ಗೋಡೆ ಮರೆಯಲ್ಲಿ ನನ್ನ ತಟ್ಟೆ ತೆಗೆಯಲು ಬಂದ ಚೆನ್ನಾಜಿ ತಟ್ಟೆ ತೆಗೆಯದೆಯೇ ಹೊರಟುಹೋದಳು.

೨೭ ಜೂನ್, ಗುರುವಾರ

ಏನು ಬರೆಯಲಿ. ಸಂಜೆ ಶಾಲೆಯಿಂದ ಬಂದವಳು ಚೀಲವನ್ನು ಹಿಂದೆ ಹಿಡಿದುಕೊಂಡು ನೇರ ನನ್ನ ಕೋಣೆಗೆ ಬಂದಳು. ಲಂಗದ ಹಿಂದೆ ಕಲೆ. ನನಗೆ ಎಂಥ ಸಂತೋಷವಾಯಿತು ಎಂದರೆ ಅವಳನ್ನು ಅಪ್ಪಿಕೊಂಡು, "ಅಯ್ಯೋ ನನ್ನ ಮುದ್ದು, ಅತ್ತೆಗೆ ಹೇಳಿ ಬರುತ್ತೇನೆ ಇರು" ಎಂದು ಬಾಗಿಲವರೆಗೆ ಹೋಗಿಬಿಟ್ಟೆ. ಹಿಂದಿನಿಂದ ನನ್ನ ಕಾಲು ಹಿಡಿದುಕೊಂಡಳು. ನಿಜವಾಗಿ ಹಿಡಿದುಕೊಂಡಳು, ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ.

"ಯೋಳ್ಬ್ಯಾಡಿ ಅತ್ಗೆ. ಯೋಳುದ್ರೆ ನಾಳೆಯಿಂದ ಇಸ್ಕೂಲಿಲ್ಲ. ಗುಡ್ಲು ಆದ್ಮೇಲೆ ಮದ್ವೇನೇ."

"ಹಾಗೆಲ್ಲ ಯಾರು ಮಾಡುತ್ತಾರೆ, ನಾನು ಮಾತಾಡುತ್ತೇನೆ."

"ದೊಡ್ಡಪ್ಪನ ಮಗಳ್ಗೂ ಅಂಗೇ ಯಾರೋ ಮಾತಾಡ್ತೀನಿ ಅಂದಿದ್ರು."

ಕಾನ್ವೆಂಟಿನಲ್ಲಿ ಇದಕ್ಕೆ ಏನು ಹೇಳಿಕೊಟ್ಟಿದ್ದರು ಎಂದು ಯೋಚಿಸಿದೆ. ಏನೂ ಹೇಳಿಕೊಟ್ಟಿರಲಿಲ್ಲ. ಮುಂದಿನ ವಾರ ಕಿರುಪರೀಕ್ಷೆ ಇದೆ, ಅದು ಮುಗಿಯುವವರೆಗೆ ಮಾತ್ರ ಯಾರಿಗೂ ಹೇಳುವುದಿಲ್ಲ ಎಂದೆ. ನನ್ನ ಹಳೆಯ ಸೀರೆ ಹರಿದು ಬಟ್ಟೆ ಕೊಟ್ಟೆ. ಅದನ್ನು ಎಲ್ಲಿ ಒಗೆಯುವುದು, ಎಲ್ಲಿ ಒಣಗಿಸುವುದು? ಈ ಮನೆಯಲ್ಲಿ ಒಂದು ಕರವಸ್ತ್ರ ಒಣಗಿಸಿದರೂ ಇದು ಯಾರದು ಎಂದು ಅತ್ತೆ ಕೇಳುತ್ತಾರೆ.

ಒಂದೇ ಜಾಗವಿದೆ. ಗೋಡೆ ಮರೆ.

೨೮ ಜೂನ್, ಶುಕ್ರವಾರ

ಬೆಳಿಗ್ಗೆ ಎದ್ದು, ಹೊರಗಾಗಿದ್ದೇನೆ ಅತ್ತೆ ಎಂದೆ.

"ಮೊನ್ನೆ ತಾನೆ ಆಗಿದ್ಯಲ್ಲ ಮಗ?"

"ನೀರು ಬದಲಾಗಿದೆಯಲ್ಲ ಅತ್ತೆ, ಅದಕ್ಕೇ ಇರಬೇಕು."

ಸುಳ್ಳು ಹೇಳುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ. ನಾನು ಚಾಪೆಯ ಮೇಲೆ ಕೂತಿದ್ದೇನೆ. ನಿಜವಾಗಿ ಹೊರಗಿರಬೇಕಾದವಳು ಬೆಳಿಗ್ಗೆ ದೇವರ ಗೂಡಿಗೆ ದೀಪ ಹಚ್ಚಿ ಶಾಲೆಗೆ ಹೋದಳು. ಆ ಕೆಲಸ ಮೊದಲಿನಿಂದ ಅವಳದೇ, ಇವತ್ತು ಬೇಡ ಎನ್ನಲು ಕಾರಣವಿಲ್ಲ. ದೀಪ ಹಚ್ಚಿದ್ದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಗೊತ್ತು. ಆದರೂ ಅವಳ ಬಸ್ಸು ಬರುವವರೆಗೆ ರಸ್ತೆಯ ಕಡೆಯೇ ಕಿವಿ ಇತ್ತು.

೧೭ ಜುಲೈ, ಬುಧವಾರ

ಕಿರುಪರೀಕ್ಷೆ ಮುಗಿದು ಎಷ್ಟೋ ದಿನವಾಯಿತು. ಯಾರಿಗೂ ಹೇಳಿಲ್ಲ. ಗಣಿತದಲ್ಲಿ ಅವಳೇ ಮೊದಲು. ಮೇಷ್ಟ್ರು ಅವಳನ್ನು ಎಬ್ಬಿಸಿ ನಿಲ್ಲಿಸಿ, "ಇಷ್ಟುದ್ದ ಗಂಡುಮಕ್ಕಳಿದ್ದೀರಲ್ಲ, ನಾಚಿಕೆಯಿಲ್ವೇನ್ರೋ" ಎಂದರಂತೆ. ಕಾಲ್ಬೆರಳು ಬಿಟ್ಟು ನನ್ನ ಮುಖ ನೋಡಿ ಹೇಳಿದಳು.

ನನ್ನದು ಈ ತಿಂಗಳು ಬರಲೇ ಇಲ್ಲ. ಒಳ್ಳೆಯದೇ ಆಯಿತು. ಬಂದಿದ್ದರೆ ತಿಂಗಳಿಗೆ ಎರಡು ಸಲ ಕೂರಬೇಕಾಗಿತ್ತು, ಅತ್ತೆಗೆ ಏನು ಹೇಳುತ್ತಿದ್ದೆ. ಭಯಕ್ಕೆ ತಪ್ಪಿರಬೇಕು.

೨೬ ಜುಲೈ, ಶುಕ್ರವಾರ

ನಿನ್ನೆಯಿಂದ ಗೋಡೆ ಮರೆಯಲ್ಲಿದ್ದೇನೆ. ಅವಳಿಗೆ ಸರಿಯಾಗಿ ಇಪ್ಪತ್ತೆಂಟು ದಿನಕ್ಕೆ ಬಂತು.

ಹೊಗೆಸೊಪ್ಪು ಕುಯ್ಲು ಶುರುವಾಗಿದೆ. ಮನೆಯ ಮುಂದೆಲ್ಲ ಹಸಿ ಎಲೆ. ಅದನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ನೇತುಹಾಕಿ, ಕೆಳಗೆ ಸೌದೆ ಉರಿಸಿ ಐದಾರು ದಿನ ಬೇಯಿಸುತ್ತಾರೆ. ಬ್ಯಾರನ್ನೆಂದರೆ ಇವರಿಗೆ ಗುಡಿಯ ಹಾಗೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಬಾಗಿಲಿಗೆ ಅರಿಸಿನ ಕುಂಕುಮ, ಹೊರಗಾದ ಹೆಂಗಸು ಅದರ ನೆರಳೂ ತುಳಿಯಬಾರದು. ಬೇಯಿಸುವ ಸಣ್ಣಬೀರಯ್ಯ ಇದನ್ನು ನನಗೆ ದೂರದಿಂದಲೇ ಎರಡು ಸಲ ಹೇಳಿದ.

ಸಂಜೆ ಚೆನ್ನಾಜಿ ಬಸ್ಸಿಳಿದ ಕೂಡಲೇ ಮಾವ, "ಚೀಲ ಮಡಗಿ ಬಾ, ಎಲೆ ಕಟ್ಟು, ಆಳು ಸಾಲ್ದು" ಎಂದರು. ಅವಳು ಗೋಡೆಯ ಕಡೆ, ನನ್ನ ಕಡೆ ನೋಡಿದಳು. ನಾನು ಏನು ಮಾಡಲಿ. ತಲೆಯಾಡಿಸಿದೆ. ಹೋದಳು. ಕಡ್ಡಿಗಳನ್ನು ಒಳಗೆ ಎತ್ತಿ ಕೊಡುವಾಗಲೂ ಅವಳೇ ಬಾಗಿಲಲ್ಲಿ ನಿಂತಿದ್ದಳು.

೧ ಆಗಸ್ಟ್, ಗುರುವಾರ

ಎಲೆಯೆಲ್ಲ ಕಪ್ಪಾಗಿದೆ. ಹೊಂಬಣ್ಣಕ್ಕೆ ತಿರುಗಬೇಕಾದ್ದು ಬೆಂದ ಬದನೆಕಾಯಿಯ ಹಾಗೆ ಕಪ್ಪು. ಸಣ್ಣಬೀರಯ್ಯ ಅಂಗಳದ ಮಧ್ಯೆ ನಿಂತು, "ನಾನು ಕಣ್ಣು ಮುಚ್ದೆ ಕಾದಿವ್ನಿ ಯಜಮಾನ್ರೆ. ಯಾರೋ ಮುಟ್ಟಾದೋರು ಸುಳ್ದವ್ರೆ" ಎಂದ.

ಯಾರೂ ನನ್ನ ಹೆಸರು ಹೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡದೆ ಇರಲು ಪ್ರಯತ್ನಪಟ್ಟರು, ಅದೇ ಸಾಕಾಯಿತು. ಚೆನ್ನಾಜಿ ಬಾಗಿಲಲ್ಲಿ ನಿಂತಿದ್ದಳು, ಅವಳ ತುಟಿ ತೆರೆಯಿತು. ಅವಳು ಹೇಳಿಬಿಡುತ್ತಾಳೆ ಎಂದು ನನಗೆ ಗೊತ್ತಾಯಿತು.

"ನಾನೇ ಮಾವ" ಎಂದೆ. "ಕರು ಬಿಚ್ಚಿಕೊಂಡಿತ್ತು. ಹಿಡಿಯಲು ಬ್ಯಾರನ್ನಿನ ಪಕ್ಕ ಹಾದೆ."

ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ಅತ್ತೆ ಮಾತ್ರ, "ಓದಿರೋಳು ಅಂತ ತಂದ್ವಲ್ಲ" ಎಂದರು. ನನ್ನನ್ನು ಯಾರೂ ಈವರೆಗೆ ಹೀಗೆ ಅಂದಿರಲಿಲ್ಲ.

೪ ಆಗಸ್ಟ್, ಭಾನುವಾರ

ಇವರು ಬಂದಿದ್ದಾರೆ. "ನಿನಗೆ ನಂಬಿಕೆಯಿಲ್ಲದಿದ್ದರೆ ಬೇಡ, ಅವರ ನಂಬಿಕೆ ಕೆಡಿಸಬೇಕಾಗಿರಲಿಲ್ಲ" ಎಂದರು. ಮೂರು ಸಲ ನಿಜ ಬಾಯಿಗೆ ಬಂತು. ಹೇಳಿದರೆ ಇವರು ಒಳ್ಳೆಯತನಕ್ಕೇ ಅಪ್ಪನ ಹತ್ತಿರ ಹೋಗಿ ಮಾತಾಡುತ್ತಾರೆ. ನುಂಗಿಕೊಂಡೆ.

ಹೊಗೆಸೊಪ್ಪಿನ ವಾಸನೆಗೆ ಬೆಳಗೆಲ್ಲ ವಾಕರಿಕೆ. ಅನ್ನ ಸೇರುವುದಿಲ್ಲ.

೨೧ ಆಗಸ್ಟ್, ಬುಧವಾರ

ನಾಳೆಯೋ ನಾಡಿದ್ದೋ ಚೆನ್ನಾಜಿಯ ದಿನ. ಸಂಜೆ ಶಾಲೆಯಿಂದ ಬಂದವಳನ್ನು ಕೂರಿಸಿಕೊಂಡು ಹೇಳಿದೆ. ಗೋಡೆಯ ಪಕ್ಕದ ತುದಿಯಲ್ಲೇ ಕೂತುಕೋ, ಏಳುವಾಗ ಗೋಡೆಗೆ ಬೆನ್ನು ಕೊಟ್ಟು ಏಳು. ಆ ಮೂರು ದಿನ ಕೈ ಎತ್ತಬೇಡ. ಉತ್ತರ ಗೊತ್ತಿದ್ದರೂ ಎತ್ತಬೇಡ, ಬೋರ್ಡಿಗೆ ಕರೆದುಬಿಡುತ್ತಾರೆ. ಆಟದ ಪೀರಿಯಡ್ಡಿನಲ್ಲಿ ಮರದ ಕೆಳಗೆ ಕೂತಿರು. ಕಡುನೀಲಿ ಲಂಗವನ್ನೇ ಹಾಕು. ಮಧ್ಯಾಹ್ನ ನೀರು ಕುಡಿಯಬೇಡ, ಅಲ್ಲಿ ಹುಡುಗಿಯರಿಗೆ ಹೋಗಲು ಜಾಗವಿಲ್ಲ. ಇಂಕಿನ ಬಾಟ್ಲಿ ಚೀಲದಲ್ಲಿರಲಿ. ಏನಾದರೂ ಆಯಿತು ಅನ್ನಿಸಿದರೆ ಬೆಂಚಿನ ಮೇಲೆ ಚೆಲ್ಲಿ ಅದರ ಮೇಲೆ ಕೂತುಬಿಡು.

"ಮೇಷ್ಟ್ರು ಒಡೀತಾರೆ ಅತ್ಗೆ."

"ಹೊಡೆಯಲಿ."

ಅವಳು ಒಂದೊಂದನ್ನೂ ಬೆರಳು ಮಡಿಸಿ ನೆನಪಿಟ್ಟುಕೊಂಡಳು.

೨೩ ಆಗಸ್ಟ್, ಶುಕ್ರವಾರ

ಇಂಕು ಚೆಲ್ಲಿಕೊಂಡು ಬಂದಿದ್ದಾಳೆ. ಅಂಗೈಯಲ್ಲಿ ಎರಡು ಬಾಸುಂಡೆ. "ಯಾರ್ಗೂ ಗೊತ್ತಾಗಿಲ್ಲ" ಎಂದು ನಕ್ಕಳು. ನಾನು ಗೋಡೆ ಮರೆಯಲ್ಲಿ ಕೂತು ಅವಳ ಲಂಗ ಉಜ್ಜಿದೆ. ಅತ್ತೆ ದೂರದಿಂದ, "ಎಷ್ಟೊತ್ತು ಉಜ್ತೀಯ, ಅರ್ದೋಯ್ತದೆ" ಎಂದರು. ಅವರು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

೮ ಸೆಪ್ಟೆಂಬರ್, ಭಾನುವಾರ

ಚಲುವಯ್ಯ ಬಂದು ಊಟ ಮಾಡಿ ಹೋದ. ಹೋಗುವಾಗ ಅತ್ತೆಗೆ, "ಏನಕ್ಕಾ, ಎದೆಯುದ್ದ ಬೆಳ್ದವ್ಳೆ, ಇನ್ನೂ ಇಲ್ವಾ?" ಎಂದ. ಅತ್ತೆ, "ನೀರು ಉಯ್ದಂಗೆ ಬರೋದಾ ಅದು, ಬಂದಾಗ ಬತ್ತದೆ" ಎಂದರು. ನಾನು ರೊಟ್ಟಿ ತಟ್ಟುತ್ತಿದ್ದೆ. ರೊಟ್ಟಿ ಹರಿಯಿತು.

ಹೋದ ಶನಿವಾರ ಇವರು ಬರಲಿಲ್ಲ, ನಿನ್ನೆಯೂ ಬರಲಿಲ್ಲ, ಕೆಲಸವಂತೆ. ನನಗೂ ಬಸ್ಸು ನೋಡಲು ಹೋಗುವುದು ಮರೆತೇಹೋಗಿತ್ತು.

೧೯ ಸೆಪ್ಟೆಂಬರ್, ಗುರುವಾರ

ಗೋಡೆ ಮರೆ. ಸೊಂಟ ನೋವು, ಚಳಿ.

೨೦ ಸೆಪ್ಟೆಂಬರ್, ಶುಕ್ರವಾರ

ಇವತ್ತು ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಬಟ್ಟೆ ಒಗೆದು ಏಳುವಾಗ ಕಣ್ಣು ಕತ್ತಲಾಯಿತು. ಎಚ್ಚರವಾದಾಗ ಅತ್ತೆಯ ತೊಡೆಯ ಮೇಲಿದ್ದೆ. ಮೈಲಿಗೆಯೆಂದು ಮೂರು ಮಾರು ದೂರ ನಿಲ್ಲುವವರು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಟ್ಟೆಯ ಮೇಲೆ ಕೈ ಒತ್ತಿ ನೋಡುತ್ತಿದ್ದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

"ಮೂರು ತಿಂಗಳಾಗದಲ್ಲ ಮಗ ನಿಂಗೆ. ಬಸುರಿ ನೀನು. ನಿನ್ನೆಯಿಂದ ರಕ್ತ ಓಯ್ತಾ ಅದೆ ಅಂತ ಕೂತಿದೀಯಲ್ಲ, ಬಾಯ್ಬುಡಬಾರ್ದಾ?" ಅತ್ತೆ ಮಾವನನ್ನು ಕೂಗಿದರು. "ಗಾಡಿ ಕಟ್ರೀ. ಪಿರಿಯಾಪಟ್ನದ ಆಸ್ಪತ್ರೆಗೆ ಓಗ್ಬೇಕು. ಮಗ ಉಳಿಯೋದು ಕಾಣೆ."

ಬಸುರಿ. ಆ ಮಾತು ಕಿವಿಗೆ ಬಿತ್ತು, ಅದನ್ನು ಯೋಚಿಸಲು ಪುರಸೊತ್ತಿರಲಿಲ್ಲ. ಮಾವ ಎತ್ತು ಬಿಚ್ಚಲು ಓಡುತ್ತಿದ್ದರು. ಆಸ್ಪತ್ರೆಗೆ ಹೋದರೆ ಡಾಕ್ಟರು ನೋಡಿ ರಕ್ತವೇ ಇಲ್ಲವಲ್ಲ ಎಂದು ಮಾವನ ಮುಂದೆಯೇ ಹೇಳುತ್ತಾರೆ. ಅತ್ತೆಯ ಕೈ ಹಿಡಿದುಕೊಂಡೆ.

"ನನಗೆ ಏನೂ ಆಗಿಲ್ಲ ಅತ್ತೆ."

"ಬಟ್ಟೆ ನೋಡಿವ್ನಿ ಕಣೆ ನಾನು."

"ನನ್ನದಲ್ಲ."

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಟ್ಟೆ ಹರವಿದ ಹಗ್ಗದ ಕಡೆ ನೋಡಿದರು. ಆಮೇಲೆ ಬಸ್ಸು ಹೋದ ರಸ್ತೆಯ ಕಡೆ. ಮಾವ ಗಾಡಿ ತಂದು ನಿಲ್ಲಿಸಿದರು.

"ಬ್ಯಾಡ ಬುಡಿ" ಎಂದರು ಅತ್ತೆ. "ಬಸುರಿ ಸಂಕ್ಟ. ತಲೆ ಸುತ್ತದೆ ಅಷ್ಟೆ. ಎತ್ತು ಬುಡಿ."

೨೧ ಸೆಪ್ಟೆಂಬರ್, ಶನಿವಾರ

ಅತ್ತೆ ಮಾತಾಡುತ್ತಿಲ್ಲ. ನನ್ನ ಜೊತೆಯೂ ಇಲ್ಲ, ಚೆನ್ನಾಜಿಯ ಜೊತೆಯೂ ಇಲ್ಲ. ದೇವರ ಗೂಡನ್ನು ತಾವೇ ತೊಳೆದರು, ಗಂಜಲ ಹಾಕಿ, ಮೂರು ಸಲ. ಸಂಜೆ ಇವರು ಬಂದರು, ವಿಷಯ ತಿಳಿದು ಕುಣಿದರು, ನನಗೆ ಕಿತ್ತಳೆ ತರಲು ಮತ್ತೆ ಓಡಿದರು. ನಾನು ಅತ್ತೆಯ ಬೆನ್ನು ನೋಡುತ್ತಿದ್ದೆ.

೨೩ ಸೆಪ್ಟೆಂಬರ್, ಸೋಮವಾರ

ಇವರು ಹುಣಸೂರಿಗೆ, ಮಾವ ಹೊಲಕ್ಕೆ. ಅತ್ತೆ ಬಾಗಿಲು ಹಾಕಿ ಚೆನ್ನಾಜಿಯನ್ನು ಎದುರಿಗೆ ನಿಲ್ಲಿಸಿಕೊಂಡರು.

"ಎಷ್ಟು ಸಲ ಆಯ್ತು?"

"ನಾಕು."

"ದೀಪ ಹಚ್ಚಿದ್ಯಾ?"

"ಊಂ."

"ಬ್ಯಾರನ್ನಿಗೆ ಓಗಿದ್ದೋಳು ನೀನಾ?"

"ಊಂ. ಅತ್ಗೆ ಅಲ್ಲ."

ಕೆನ್ನೆಗೆ ಒಂದು ಬಿತ್ತು. ನಾನು ಮಧ್ಯೆ ಹೋದೆ. ಅತ್ತೆ ನನ್ನನ್ನು ತಳ್ಳಲಿಲ್ಲ, ಹಾಗೇ ಕೂತುಬಿಟ್ಟರು, ಒಲೆಯ ಮುಂದೆ, ಎರಡೂ ಕೈ ತಲೆಯ ಮೇಲೆ. ನಮಗಲ್ಲ, ಒಲೆಗೆ ಹೇಳಿದಂತೆ ಹೇಳಿದರು.

"ಈಗ ಯೋಳಿದ್ರೆ, ಎಂದು ಆಯ್ತು ಅಂತ ಕೇಳ್ತಾರೆ. ಇವತ್ತೇ ಆಯ್ತು ಅಂದ್ರೆ ಸಣ್ಣಬೀರ ಕಣ್ಣು ಬುಟ್ಕೊಂಡು ಕೂತವ್ನೆ, ನಂಬೋನಲ್ಲ. ಮುಟ್ಟಾದ ಮಗಳ ಕೈಲಿ ದೇವ್ರಿಗೆ ದೀಪ ಹಚ್ಚಿಸಿದ ಮನೆ ಅಂತಾರೆ. ಬ್ಯಾರನ್ ಕರಗಾಗಿದ್ದು ಅದ್ಕೇ ಅಂತಾರೆ. ಚಲುವಯ್ಯನ ಮನೇಲಿ ಇವಳನ್ನ ಜೀವ ಇರೋಗಂಟ ಆಡ್ಕೋತಾರೆ."

ಚೆನ್ನಾಜಿ ಕೆನ್ನೆ ಹಿಡಿದುಕೊಂಡು ನಿಂತೇ ಇದ್ದಳು.

"ಬಸ್ಸಿನ ಒತ್ತಾಗ್ಲಿಲ್ವಾ ನಿಂಗೆ?" ಎಂದರು ಅತ್ತೆ.

ಅವಳು ಚೀಲ ಎತ್ತಿಕೊಂಡು ಓಡಿದಳು.

೧೫ ಅಕ್ಟೋಬರ್, ಮಂಗಳವಾರ

ಬಂದೇ ಬಂತು. ನಾಳೆಯೋ ನಾಡಿದ್ದೋ ಅವಳ ದಿನ. ನಾನು ಗೋಡೆ ಮರೆಗೆ ಹೋಗುವಂತಿಲ್ಲ, ಇಡೀ ಊರಿಗೆ ನಾನು ನಾಲ್ಕು ತಿಂಗಳ ಬಸುರಿ. ಅತ್ತೆ ಆ ದಿನದ ಮೇಲೆ ಅದರ ಮಾತೇ ಎತ್ತಿಲ್ಲ. ದೀಪಾವಳಿಗೆ ಚಲುವಯ್ಯ ಬಂದು ನಾಲ್ಕು ದಿನ ಇರುತ್ತಾನಂತೆ. ಬಟ್ಟೆಗಳನ್ನು ಶಾಲೆಯ ಚೀಲದಲ್ಲಿಟ್ಟುಕೊಂಡು ಹೋಗಿ ದಾರಿಯ ಕೆರೆಯಲ್ಲಿ ಒಗೆದರೆ? ಕೆರೆಯಲ್ಲಿ ಊರಿನ ಹೆಂಗಸರೆಲ್ಲ ಇರುತ್ತಾರೆ. ಹೂತುಬಿಟ್ಟರೆ? ನಾಯಿ ಅಗೆಯುತ್ತದೆ. ಹೊಟ್ಟೆಯೊಳಗಿನದು ಹೆಣ್ಣಾದರೆ ಎಂದು ಒಂದು ಯೋಚನೆ ಬಂತು, ಅದನ್ನು ಪೂರ್ತಿ ಯೋಚಿಸಲು ಧೈರ್ಯ ಬರಲಿಲ್ಲ.

೧೭ ಅಕ್ಟೋಬರ್, ಗುರುವಾರ

ಬೆಳಿಗ್ಗೆ ಚೆನ್ನಾಜಿ ನನ್ನ ಕೋಣೆಗೆ ಬಂದು ಕಣ್ಣಲ್ಲೇ ಹೇಳಿದಳು. ಅವಳನ್ನು ಕೋಣೆಯಲ್ಲೇ ಇರಿಸಿ ಅಡುಗೆಮನೆಗೆ ಹೋದೆ. ಒಲೆ ಹೊತ್ತಿರಲಿಲ್ಲ. ಅತ್ತೆ ಅಲ್ಲಿರಲಿಲ್ಲ.

ಹಿಂದಿನ ಜಗುಲಿಯ ಗೋಡೆ ಮರೆಯಲ್ಲಿ, ನನ್ನ ಚಾಪೆಯ ಮೇಲೆ, ಬೇರೆ ಚೊಂಬು ಬೇರೆ ತಟ್ಟೆ ಇಟ್ಟುಕೊಂಡು ಕೂತಿದ್ದರು.

ಮಾವ ಕಾಫಿ ಕೇಳುತ್ತ ಬಂದು ಅಲ್ಲೇ ನಿಂತರು. "ಇದೇನೆ ಇದು ಪುಟ್ಟತಾಯಿ? ನಿಂಗೆ ನಿಂತು ಎರಡು ವರ್ಸ ಆಗಿರ್ಲಿಲ್ವಾ?"

"ನಿಂತಿತ್ತು. ಬಂತು."

"ಈ ವಯಸ್ನಲ್ಲಾ?"

"ನಮ್ಮವ್ವ ನಲ್ವತ್ತೆಂಟಕ್ಕೆ ಚಲುವಯ್ಯನ್ನ ಎತ್ಲು. ನಂಗಿನ್ನೂ ನಲ್ವತ್ತಾರು. ಅವ್ನು ದೀಪಾವಳಿಗೆ ಬತ್ತಾನಲ್ಲ, ಅವುನ್ನೇ ಕೇಳಿ."

ಮಾವ ಕಿವಿ ಕೆರೆದುಕೊಂಡು, ನನ್ನ ಕಡೆ ನೋಡಿ, ನಾಚಿ, ಕಾಫಿ ಬಿಟ್ಟು ಬ್ಯಾರನ್ನಿನ ಕಡೆ ಹೋದರು.

ಚೆನ್ನಾಜಿ ಅವ್ವನಿಗೆ ನೀರು ತಂದಿಡಲೆಂದು ಗೋಡೆ ಮರೆಗೆ ಹೋಗಿ ಬಂದಳು. ಬರುವಾಗ ಕಡುನೀಲಿ ಲಂಗ, ನೆಟ್ಟಗಿನ ನೆರಿಗೆ. ದೇವರ ಗೂಡಿನ ಕಡೆ ತಿರುಗಿದವಳನ್ನು ಅತ್ತೆ ಅಲ್ಲಿಂದಲೇ, "ದೀಪ ನಿಮ್ಮತ್ಗೆ ಹಚ್ಲಿ, ನೀನು ಓಗು" ಎಂದು ತಡೆದರು. ಅವಳು ಬಸ್ಸಿಗೆ ಹೊರಟಳು. ಬೇಲಿ ದಾಟುವವರೆಗೆ ನಾವಿಬ್ಬರೂ ಅವಳ ಬೆನ್ನನ್ನೇ, ಲಂಗದ ಹಿಂಭಾಗವನ್ನೇ ನೋಡಿದೆವು.

"ಎಂಟಾದ್ಮೇಲೆ ಎಷ್ಟು ಕಲಾಸು ಮಗ?" ಎಂದು ಅತ್ತೆ ಕೇಳಿದರು.

"ಒಂಬತ್ತು, ಹತ್ತು. ಎಸ್ಸೆಸ್ಸೆಲ್ಸಿ. ಇನ್ನೂ ಎರಡೂವರೆ ವರ್ಷ ಅತ್ತೆ."

ಅವರು ಬೆರಳಿನ ಗೆಣ್ಣುಗಳ ಮೇಲೆ ತಿಂಗಳು ಎಣಿಸತೊಡಗಿದರು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಮುಗಿಯಿತು, ಮತ್ತೆ ಮೊದಲಿನಿಂದ. ಇಷ್ಟು ವರ್ಷ ಊರಿಗೆಲ್ಲ ಮಡಿ ಹೇಳಿದ ಹೆಂಗಸು ಹಾಡಹಗಲಲ್ಲಿ ನನ್ನ ಚಾಪೆಯ ಮೇಲೆ ಕೂತು ಹೆದರುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಅವರ ಕೈ ಹಿಡಿಯಲು ಬಗ್ಗಿದೆ.

ಅತ್ತೆ ಸರ್ರನೆ ಹಿಂದಕ್ಕೆ ಸರಿದರು.

"ದೂರ ಓಗು. ಮುಟ್ಬ್ಯಾಡ ನನ್ನ. ಯಾರಾರ ನೋಡಾರು."